ಮಗ್ಗದ ಕೋಣೆಗೆ ಕೂಲರ್ ಒಯ್ದದ್ದು

ವೈರು ಸುಟ್ಟು ಮಾವನವರ ಮನೆಗೆ ಬೆಂಕಿ ಹತ್ತಬಹುದಿತ್ತು. ಕೂಲರಿನ ನೀರಿಗೆ ಕರೆಂಟು ಇಳಿದು, ಸದಾ ಒದ್ದೆ ಬರಿಗಾಲಲ್ಲಿ ಓಡಾಡುವ ಅತ್ತೆಯವರಿಗೆ ಶಾಕ್ ಹೊಡೆಯಬಹುದಿತ್ತು. ಗಾಳಿಗೆ ಮಗ್ಗದ ನೂಲೆಲ್ಲ ಸಿಕ್ಕುಸಿಕ್ಕಾಗಿ ಐವತ್ತು ವರ್ಷದ ಕಸುಬು ಒಂದು ಮಧ್ಯಾಹ್ನದಲ್ಲಿ ಗಂಟು ಬೀಳಬಹುದಿತ್ತು. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಿಂದ ಮನೆಗೆ ಹೋಗುವಾಗ ಟಂಟಂ ಆಟೋ ಪಲ್ಟಿ ಹೊಡೆದು ನನ್ನ ಮೇಲೆ ಕೂಲರ್, ಕೂಲರಿನ ಮೇಲೆ ಟಂಟಂ ಬೀಳಬಹುದಿತ್ತು. ನಾವು ತಲುಪುವ ಮೊದಲೇ ಮಾವನವರಿಗೆ ಬಿಸಿಲು ಬಡಿದಿರಬಹುದಿತ್ತು. ತಲುಪಿದ ಮೇಲೆ ಥಂಡಿ ಹತ್ತಿ ನ್ಯುಮೋನಿಯಾ ಆಗಬಹುದಿತ್ತು. ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಟ್ಟು ಓಣಿಗೆಲ್ಲ ಡೆಂಗೀ ಬರಬಹುದಿತ್ತು. ಕೂಲರಿನ ಹುಲ್ಲಿನ ಪರದೆಯಲ್ಲಿ ಚೇಳು ಕೂತಿರಬಹುದಿತ್ತು. ಅದರ ಗದ್ದಲಕ್ಕೆ ಲಾಳಿಯ ಸದ್ದು ಕೇಳದೆ ಮಾವನವರ ಲೆಕ್ಕ ತಪ್ಪಬಹುದಿತ್ತು. ಫ್ಯೂಜು ಹೋಗಿ ಓಣಿಯ ಅಷ್ಟೂ ಮನೆಯವರು ನನ್ನ ಹೆಸರು ಹಿಡಿದು ಬಯ್ಯಬಹುದಿತ್ತು. ಕಿರಿಯ ಅಳಿಯ ಕೂಲರ್ ಕೊಟ್ಟನೆಂದು ಹಿರಿಯ ಅಳಿಯ, ಅಂದರೆ ನನ್ನ ಷಡ್ಡಕ, ಮುಂದಿನ ಮೂರು ಹಬ್ಬಕ್ಕೆ ಮುಖ ಗಂಟು ಹಾಕಿಕೊಂಡು ಬರಬಹುದಿತ್ತು.

ಒಟ್ಟು ಹನ್ನೊಂದು. ಈಗ ನೆನಪಿನಿಂದ ಕಟ್ಟಿ ಹೇಳುತ್ತಿಲ್ಲ. ಹೊರಡುವ ಹಿಂದಿನ ದಿನ ಶಾಲೆಯ ಡೈರಿಯ ಕೊನೆಯ ಪುಟದಲ್ಲಿ ಅಂಕಿ ಹಾಕಿ ಬರೆದಿಟ್ಟದ್ದು. ನಾನು ರೋಣದಲ್ಲಿ ಹೈಸ್ಕೂಲಿನ ವಿಜ್ಞಾನದ ಮಾಸ್ತರ. ವಯಸ್ಸು ಐವತ್ತೆರಡು, ಅದರಲ್ಲಿ ಐವತ್ತು ವರ್ಷ ಚಿಂತೆಯಲ್ಲಿಯೇ ಕಳೆದವನು. ಮೊದಲೆರಡು ವರ್ಷ ಹೇಗಿದ್ದೆನೋ ನೆನಪಿಲ್ಲ, ಆದರೆ ನನ್ನ ಹೆಂಡತಿ ಗಿರಿಜಾಳಿಗೆ ಆ ಬಗ್ಗೆಯೂ ಅನುಮಾನವಿಲ್ಲ. "ನೀವು ಹುಟ್ಟಿದ ಕೂಡ್ಲೇ ಅತ್ತಿರಲಿಕ್ಕಿಲ್ಲ ಬಿಡ್ರಿ. ಉಸುರು ಹಿಡಕೊಂಡು, ಅತ್ರ ಮುಂದ ಏನೇನಾಗ್ತೈತೋ ಅಂತ ಮೊದ್ಲ ವಿಚಾರ ಮಾಡಿರಬೇಕು" ಅನ್ನುತ್ತಾಳೆ. ಚಿಂತೆಗೆ ಒಂದು ಗುಣವಿದೆ. ಅದನ್ನು ಮಾಡುವವನಿಗೆ ತಾನೇನೋ ದೊಡ್ಡ ಕೆಲಸ ಮಾಡುತ್ತಿದ್ದೇನೆ ಎಂಬ ಸಮಾಧಾನ ಸಿಗುತ್ತದೆ. ಹನ್ನೊಂದು ಅಪಾಯಗಳನ್ನು ಬರೆದಿಟ್ಟ ಮನುಷ್ಯನಿಗೆ ಹನ್ನೆರಡನೆಯದು ತಾನೇ ಇರಬಹುದು ಎಂದು ಹೊಳೆಯುವುದಿಲ್ಲ.

ಇದೆಲ್ಲ ಶುರುವಾದದ್ದು ಮಾರ್ಚಿ ತಿಂಗಳ ಒಂದು ಪಾಠದಿಂದ. ಬಿಸಿಲಿನಲ್ಲಿ ಸಸ್ತನಿಗಳು ಮೈಯ ಕಾವನ್ನು ಹೇಗೆ ಕಾಯ್ದುಕೊಳ್ಳುತ್ತವೆ ಎಂಬುದು ವಿಷಯ. ರೋಣದಲ್ಲಿ ಆ ಪಾಠಕ್ಕೆ ಚಿತ್ರಪಟ ಬೇಕಾಗಿಲ್ಲ, ಕಿಟಕಿ ಸಾಕು. ನೀರಿನ ಟಾಕಿಯ ಪಕ್ಕದ ನೆರಳಲ್ಲಿ ಶಾಲೆಯ ನಾಯಿ ಕಾಲಿನಿಂದ ಕುಣಿ ತೋಡಿ, ಒಳಗಿನ ತಂಪು ಮಣ್ಣಿಗೆ ಹೊಟ್ಟೆ ಹಚ್ಚಿ, ನಾಲಿಗೆ ಇಳಿಬಿಟ್ಟು ಹ್ಹೆ ಹ್ಹೆ ಎನ್ನುತ್ತಿತ್ತು. ನೋಡಿರಿ, ನಾಯಿಗೆ ಮೈತುಂಬ ಬೆವರುವ ಭಾಗ್ಯವಿಲ್ಲ, ಅದು ನಾಲಿಗೆಯಿಂದ ಮತ್ತು ಉಸಿರಿನಿಂದ ನೀರನ್ನು ಆವಿ ಮಾಡಿ ತಣ್ಣಗಾಗುತ್ತದೆ ಎಂದೆ. ಎಮ್ಮೆಯ ಕಥೆ ಹೇಳಿದೆ. ನಾನು ಮೊದಲು ಯಾವಗಲ್ ಎಂಬ ಹಳ್ಳಿಯಲ್ಲಿ ಮಾಸ್ತರನಾಗಿದ್ದಾಗ ಹೊಂಡದಲ್ಲಿ ಮೂಗಿನವರೆಗೆ ಮುಳುಗಿ ಕೂತ ಎಮ್ಮೆಗಳನ್ನು ಎಬ್ಬಿಸಲು ಅವುಗಳ ಒಡೆಯರು ದಂಡೆಯಲ್ಲಿ ನಿಂತು ಬಯ್ಯುತ್ತಿದ್ದರು, ಎಮ್ಮೆಗಳು ಕಿವಿ ಮಾತ್ರ ಅಲ್ಲಾಡಿಸುತ್ತಿದ್ದವು. ಕರಿ ಚರ್ಮ, ಬೆವರಿನ ಗ್ರಂಥಿ ಕಡಿಮೆ. ಕೆಸರು ಬಿಟ್ಟು ಏಳೆಂದರೆ ಹೇಗೆ ಎದ್ದಾವು? ಇನ್ನು ಮನುಷ್ಯ. ಬೆವರುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಬೆವರು ಆವಿಯಾಗುವಾಗ ಮೈಯ ಕಾವನ್ನು ತನ್ನ ಜೊತೆ ಒಯ್ಯುತ್ತದೆ. ಆಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಸರ್, ಗಾಳ್ಯಾಗ ಮೊದ್ಲ ನೀರಿನ ಪಸಿ ಭಾಳ ಇದ್ರ, ಬೆವರು ಎಲ್ಲಿಗಿ ಹೋಗ್ತೈತ್ರಿ?"

ಅಂಥ ಪ್ರಶ್ನೆ ವರ್ಷಕ್ಕೊಂದು ಬಂದರೆ ಮಾಸ್ತರಿಕೆ ಸಾರ್ಥಕ. "ಎಲ್ಲಿಗೂ ಹೋಗೂದಿಲ್ಲವಾ, ಆರೂದಿಲ್ಲ, ಮೈಮ್ಯಾಲೇ ಹನಿಗಟ್ಟಿ ಕೆಳಗ ಬೀಳ್ತೈತಿ" ಎಂದು ಹೇಳಿ, ಹಲಗೆಯ ಮೇಲೆ ಒಂದು ಹಣೆ, ಹಣೆಯಿಂದ ಬೀಳುವ ಒಂದು ಹನಿಯನ್ನು ಸುಣ್ಣದ ಕಡ್ಡಿಯಿಂದ ಬರೆದೆ. ಹನಿ ಚಲೋ ಮೂಡಿತ್ತು. ಗಂಟೆ ಹೊಡೆದ ಮೇಲೂ ಅಳಿಸದೆ ಬಿಟ್ಟು ಬಂದೆ.

ಮಕ್ಕಳಿಗೆ ಹೇಳಿದ್ದು ಮಕ್ಕಳ ತಲೆಯಲ್ಲಿ ಎಷ್ಟು ಉಳಿಯಿತೋ, ನನ್ನ ತಲೆಯಲ್ಲಿ ಮಾತ್ರ ಮಾವನವರು ಬಂದು ಕೂತರು. ಗಿರಿಜಾಳ ತಂದೆ ಈರಪ್ಪನವರು ಗಜೇಂದ್ರಗಡದ ನೇಕಾರರು. ಕುಣಿಮಗ್ಗ ಅವರದು. ನೆಲದಲ್ಲಿ ಸೊಂಟದ ಆಳಕ್ಕೆ ಕುಣಿ ತೋಡಿರುತ್ತಾರೆ. ನೇಯುವವರು ನೆಲದ ಮೇಲೆ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾರೆ. ಎಪ್ಪತ್ತಮೂರು ವಯಸ್ಸಾದ ಅವರು ಇನ್ನೂ ದಿನಕ್ಕೆ ಆರು ತಾಸು ಅದರಲ್ಲಿ ಕೂಡುತ್ತಿದ್ದರು. ಆ ಕೋಣೆಗೆ ಒಂದು ಸಣ್ಣ ಕಿಟಕಿ. ಫ್ಯಾನು ಇಲ್ಲ. ಇಲ್ಲವೆಂದರೆ ಕೊಳ್ಳಲಾಗದೆ ಅಲ್ಲ, ಹಾಕುವ ಹಾಗಿಲ್ಲ. ಗಾಳಿಗೆ ರೇಷ್ಮೆಯ ಎಳೆ ಒಣಗಿ ಹರಿಯುತ್ತದೆ, ಹಾರಿ ಒಂದಕ್ಕೊಂದು ತೊಡರುತ್ತದೆ.

ಮೇ ತಿಂಗಳಲ್ಲಿ ಆ ಕೋಣೆಯಲ್ಲಿ ಅವರು ನೇಯುತ್ತಿದ್ದದ್ದು ಕೊನೆಯ ಸೀರೆ. ಮೊಣಕಾಲು ಹಟ ಹಿಡಿದಿತ್ತು. ಇದು ಮುಗಿದರೆ ಕುಣಿಯ ಮೇಲೆ ಹಲಗೆ ಮುಚ್ಚುವುದೆಂದು ಅವರೇ ಹೇಳಿದ್ದರು. ಆ ಕೊನೆಯ ಸೀರೆ ಗಿರಿಜಾಳಿಗೆ. ಓದುಗರಿಗೆ ಇದರಲ್ಲೇನು ವಿಶೇಷ ಅನ್ನಿಸಬಹುದು, ನೇಕಾರರ ಮಗಳಿಗೆ ಸೀರೆಗೇನು ಬರ? ಆದರೆ ಐವತ್ತು ವರ್ಷ ಅವರ ಮಗ್ಗದಿಂದ ಇಳಿದದ್ದೆಲ್ಲ ಸಾವುಕಾರರ ಅಂಗಡಿಗೆ ಹೋದದ್ದು. ಗಿರಿಜಾ ನಮ್ಮ ಮದುವೆಯಲ್ಲಿ ಉಟ್ಟದ್ದೂ ಯಾರೋ ನೇಯ್ದ, ಎಲ್ಲಿಂದಲೋ ಬಂದ, ಅಂಗಡಿಯ ಸೀರೆ. ಊರಲ್ಲಿ ಯಾರಾದರೂ "ನಿಮ್ಮಪ್ಪ ನೇಯ್ದದ್ದೇನ್ರಿ?" ಎಂದು ಕೇಳಿದಾಗಲೆಲ್ಲ ಅಲ್ಲವೆಂದು ಹೇಳಿ ಹೇಳಿ ಇಪ್ಪತ್ತನಾಲ್ಕು ವರ್ಷ ಕಳೆದಿದ್ದಳು. "ಒಂದ ಸಲ ಹೌದ್ರಿ ಅನ್ನಬೇಕ್ರಿ ನಾ" ಎಂದು ಒಮ್ಮೆ ನನ್ನ ಮುಂದೆ ಅಂದಿದ್ದಳು. ಬೆಣ್ಣೆಯ ಬಣ್ಣದ ಒಡಲು, ಕೆಂಪು ಅಂಚು. ಬಣ್ಣ ಅವಳೇ ಆರಿಸಿದ್ದು.

ಬೇರೆ ಗಂಡನಾಗಿದ್ದರೆ ಸಂತೋಷಪಟ್ಟು ಸುಮ್ಮನಿರುತ್ತಿದ್ದ. ನನಗೆ ನಿದ್ದೆ ಹೋಯಿತು. ಮುಚ್ಚಿದ ಕೋಣೆ, ಮುದಿ ಹೃದಯ, ಮೇ ತಿಂಗಳು. ನರಗುಂದದಲ್ಲಿ ನನ್ನ ತಮ್ಮ ಎ.ಸಿ. ಹಾಕಿಸಿಕೊಂಡ ಮೇಲೆ ಅವನ ಹಳೆಯ ಕೂಲರ್ ಅಟ್ಟದ ಮೇಲೆ ಕೂತಿತ್ತು. ಮಾವನವರಿಗೆ ಫೋನು ಮಾಡಿ, "ಮಾವಾರ, ಒಂದು ಕೂಲರ್ ತರ್ತೀನ್ರಿ. ಇದು ಫ್ಯಾನಿನಂಗಲ್ಲರಿ, ಗಾಳ್ಯಾಗ ತಂಪು, ತಂಪಿನ್ಯಾಗ ಪಸಿ. ಎಳಿ ಒಣಗೂದಿಲ್ರಿ" ಎಂದೆ. ಆ ಕಡೆ ಲಾಳಿಯ ಸದ್ದು ನಿಂತಿತು. ಆಮೇಲೆ, "ತರ್ರಿ ಅಳ್ಯಾರ, ನಿಮ್ದ ಮನಿ" ಎಂದರು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ಅತ್ತೆಮನೆಯಲ್ಲಿ ಅಳಿಯನಿಗೆ ಯಾರೂ ಬೇಡ ಅನ್ನುವುದಿಲ್ಲ. ಅಳಿಯ ಬೇಡ ಅನ್ನಬೇಕು, ಅವರು ಹಾಕಬೇಕು; ಹೋಳಿಗೆಯಿಂದ ಹಿಡಿದು ಹಾಸಿಗೆಯವರೆಗೆ ಅದೇ ರಿವಾಜು. ಹೀಗೆ ಇಪ್ಪತ್ತನಾಲ್ಕು ವರ್ಷ ನಾನು ಬೇಡವೆಂದದ್ದನ್ನೆಲ್ಲ ತಿಂದಿದ್ದೇನೆ, ಅವರು ಬೇಡವೆನ್ನಬೇಕಾದದ್ದಕ್ಕೆಲ್ಲ ಹೂಂ ಅಂದಿದ್ದಾರೆ. ಇಷ್ಟು ವರ್ಷವಾದರೂ ಅವರ 'ತರ್ರಿ'ಯಲ್ಲಿ ಯಾವುದು ಬರಬೇಕಾದದ್ದು, ಯಾವುದು ಬರಬಾರದ್ದು ಎಂದು ಕಲಿಯಲಿಲ್ಲ. ನಾಯಿಯ ನಾಲಿಗೆ ನೋಡಿ ಅದರ ಕಾವು ಹೇಳಬಲ್ಲೆ. ಮಾವನವರ ನಾಲಿಗೆ ಮಾತ್ರ ನನ್ನ ಪಠ್ಯದಲ್ಲಿರಲಿಲ್ಲ.

ಕೂಲರ್ ನರಗುಂದದಿಂದ ರೋಣಕ್ಕೆ ಟೆಂಪೋದಲ್ಲಿ ಬಂತು, ರೋಣದಿಂದ ಗಜೇಂದ್ರಗಡಕ್ಕೆ ಭಾನುವಾರ ಬಸ್ಸಿನ ಟಾಪಿನ ಮೇಲೆ ಹೋಯಿತು. ದಾರಿಯುದ್ದಕ್ಕೂ ನಾನು ಕಿಟಕಿಯಿಂದ ತಲೆ ಹೊರಹಾಕಿ ಅದು ಬಿದ್ದಿದೆಯೇ ಎಂದು ನೋಡುತ್ತಿದ್ದೆ. "ಕೂಲರ್ ಬಿದ್ರ ಸಪ್ಪಳ ಆಗ್ತೈತ್ರಿ. ನಿಮ್ಮ ತಲಿ ಬಿದ್ರ ಯಾರಿಗೂ ಕೇಳೂದಿಲ್ಲ, ಒಳಗ ತಗೋರಿ" ಎಂದಳು ಗಿರಿಜಾ. ಟಂಟಂ ಪಲ್ಟಿಯಾಗಲಿಲ್ಲ. ಹುಲ್ಲಿನ ಪರದೆಯನ್ನು ಕೋಲಿನಿಂದ ಬಡಿದು ನೋಡಿದೆ, ಚೇಳಿರಲಿಲ್ಲ.

ಮಗ್ಗದ ಕೋಣೆಗೆ ಕಾಲಿಟ್ಟಾಗ ಹೊರಗಿನ ಬೆಂಕಿಯಿಂದ ಬಂದ ಮೈಗೆ ಹಿತವೆನಿಸಿದ್ದು ನಿಜ. ಮಣ್ಣಿನ ಗೋಡೆ, ಮೇಲೆ ದಪ್ಪ ಮಣ್ಣಿನ ಮಾಳಿಗೆ, ಬೆಳಿಗ್ಗೆ ಅತ್ತೆಯವರು ನೀರು ಚಿಮುಕಿಸಿದ್ದ ನೆಲ. ಮಾವನವರು ಕುಣಿಯೊಳಗೆ ಕಾಲಿಟ್ಟುಕೊಂಡು, ಹಣೆಗೆ ಒಂದು ವಲ್ಲಿ, ಅಂದರೆ ಟವೆಲು, ಬಿಗಿದು, ಲಾಳಿ ಆಡಿಸುತ್ತಿದ್ದರು. ತಂಪು ಮಣ್ಣಿನ ಕುಣಿ! ಅದನ್ನೇ ಅಲ್ಲವೇ ಟಾಕಿಯ ಪಕ್ಕದ ನಾಯಿ ತೋಡಿಕೊಂಡದ್ದು, ಅದನ್ನೇ ಅಲ್ಲವೇ ನಾನು ಮಕ್ಕಳಿಗೆ ಕಿಟಕಿಯಿಂದ ತೋರಿಸಿದ್ದು? ಈಗ ಬರೆಯುವಾಗ ಎಷ್ಟು ಸಲೀಸಾಗಿ ಹೊಳೆಯುತ್ತದೆ. ಆಗ ನನ್ನ ಕಣ್ಣು ಪ್ಲಗ್ ಪಾಯಿಂಟ್ ಎಲ್ಲಿದೆ ಎಂದು ಹುಡುಕುತ್ತಿತ್ತು.

"ಬರ್ರಿ ಅಳ್ಯಾರ, ಬಿಸಲಾಗ ಬಂದೀರಿ. ಈ ವಲ್ಲಿ ತಗೋರಿ" ಎಂದು ಮಾವನವರು ಪಕ್ಕದ ಗೂಟದಿಂದ ಮಡಿಸಿದ ಬಿಳಿ ವಲ್ಲಿಯೊಂದನ್ನು ತೆಗೆದುಕೊಟ್ಟರು. ಎರಡೂ ಕೈಯಿಂದ ತೆಗೆದುಕೊಂಡು ಹೆಗಲ ಮೇಲೆ ಹಾಕಿಕೊಂಡೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿದಾಗ ಎದೆ ಹೇಗೆ ಮುಂದೆ ಬರುತ್ತದೋ ಹಾಗೆ ಬಂತು.

ಕೂಲರ್ ಹಚ್ಚಿದೆ. ಭೋರೆಂದು ಗಾಳಿ ಬಂದದ್ದೇ ತಡ, ಮಾವನವರು ಲಾಳಿ ಬಿಟ್ಟು ಎರಡೂ ತೋಳುಗಳನ್ನು ನೂಲಿನ ಮೇಲೆ ಚಾಚಿ ಅಡ್ಡ ಬಾಗಿದರು. ಕೂಸಿನ ಮೇಲೆ ಮಳೆ ಬೀಳದಂತೆ ಬಾಗುತ್ತಾರಲ್ಲ, ಹಾಗೆ. "ಸ್ವಲ್ಪ ಆ ಕಡಿ ತಿರುವಿದ್ರ ಚಲೋ ಏನೋ ನೋಡ್ರಿ" ಎಂದರು ಮೆಲ್ಲಗೆ. ನಾನು ಅದನ್ನು ಗೋಡೆಯ ಕಡೆ ತಿರುಗಿಸಿದೆ. ಒಳಗಿನ ತಂಪು ಹೊರಗೆ ಹೋಗಬಾರದೆಂದು ಇದ್ದೊಂದು ಕಿಟಕಿಯನ್ನೂ ಮುಚ್ಚಿದೆ. ಬಾಗಿಲಿಗೆ ಚಾದರ ಇಳಿಬಿಟ್ಟೆ. ಆಮೇಲೆ ಒಂದು ಸ್ಟೂಲಿನ ಮೇಲೆ ಕೂತು ಮಾವನವರಿಗೆ ಪಾಠ ಶುರುಮಾಡಿದೆ. ನಾಯಿ ಹೇಳಿದೆ, ಎಮ್ಮೆ ಹೇಳಿದೆ, ಬೆಕ್ಕು ಮೈ ನೆಕ್ಕಿಕೊಂಡು ತಣ್ಣಗಾಗುವುದನ್ನು ಹೇಳಿದೆ, ಆನೆಯ ಕಿವಿಯ ನರಗಳವರೆಗೆ ಹೋದೆ. ಮಾವನವರು "ಹೌದ್ರಿ", "ಖರೇ ರೀ" ಎನ್ನುತ್ತ ನೇಯುತ್ತಿದ್ದರು.

ಅರ್ಧ ತಾಸಿನಲ್ಲಿ ಕೋಣೆ ಎಮ್ಮೆಯ ಹೊಂಡವಾಯಿತು. ಮುಚ್ಚಿದ ಕೋಣೆಯಲ್ಲಿ ಕೂಲರ್ ಅದೇ ಗಾಳಿಯನ್ನು ಮತ್ತೆ ಮತ್ತೆ ನೀರಲ್ಲಿ ಅದ್ದಿ ತೆಗೆಯುತ್ತಿತ್ತು. ಮೈಯ ಬೆವರು ಆರಲು ಗಾಳಿಯಲ್ಲಿ ಜಾಗವೇ ಇರಲಿಲ್ಲ. ಅಂಗಿ ಬೆನ್ನಿಗೆ ಅಂಟಿತು. ಮೂರನೇ ಬೆಂಚಿನ ಹುಡುಗಿಯ ಪ್ರಶ್ನೆಗೆ ಉತ್ತರ ನನ್ನ ಮೈಮೇಲೆಲ್ಲ ಹರಿಯುತ್ತಿತ್ತು, ನಾನು ಮಾತ್ರ ಆನೆಯ ಕಿವಿ ಬಿಟ್ಟಿರಲಿಲ್ಲ. ಚಹಾ ತಂದ ಅತ್ತೆಯವರು ಬಾಗಿಲಲ್ಲೇ ನಿಂತು, "ಅಯ್ಯ, ಇದೇನಬೇ ಗಿರಿಜಾ, ಇಡ್ಲಿ ಬೇಯಿಸಿದಂಗ ಆಗೈತಿ" ಎಂದು ಮಗಳ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಮಾವನವರು ತಮ್ಮ ಹಣೆಯ ವಲ್ಲಿ ಬಿಚ್ಚಿ, ಹಿಂಡಿ, ಒಣಗಿದ ಮಗ್ಗುಲು ಹುಡುಕಿ ಮತ್ತೆ ಬಿಗಿದರು. ನನ್ನನ್ನು ನೋಡಿ, "ಅಳ್ಯಾರ, ವಲ್ಲಿ ಐತಲ್ರಿ..." ಎಂದರು. "ಐತ್ರಿ ಮಾವಾರ" ಎಂದು ಹೆಗಲು ತಟ್ಟಿ ತೋರಿಸಿದೆ. ಅವರು ಇನ್ನೇನೋ ಹೇಳಹೊರಟು ಲಾಳಿ ಎತ್ತಿಕೊಂಡರು.

ಸೆರಗು ಮುಗಿಯಲು ನಾಲ್ಕು ಬೆರಳಷ್ಟು ಉಳಿದಿತ್ತು. "ನೋಡಬಹುದೇನ್ರಿ?" ಎಂದು ಎದ್ದೆ. ಮಾವನವರು ಕೈ ನಿಲ್ಲಿಸಿದರು. ಅಳಿಯನಿಗೆ ಬೇಡ ಅನ್ನುವ ಹಾಗಿಲ್ಲ. "ನೋಡ್ರಿ" ಎಂದು, ತಮ್ಮ ಕೈಯನ್ನು ಹಣೆಯ ಮೇಲೆ ಒಮ್ಮೆ ಉದ್ದಕ್ಕೆ ಎಳೆದು ತೋರಿಸಿದರು. ಧಗೆಯ ಬಗ್ಗೆ ಹೇಳುತ್ತಿದ್ದಾರೆ ಅಂದುಕೊಂಡೆ. "ಹೌದ್ರಿ, ಭಾಳ ಶಕಿ" ಎಂದು ನಾನೂ ತಲೆಯಾಡಿಸಿದೆ. ಬಾಗಿಲಲ್ಲಿದ್ದ ಗಿರಿಜಾ, "ರೀ..." ಎಂದಳು. ಅಷ್ಟರಲ್ಲಿ ನಾನು ಬಾಗಿಯಾಗಿತ್ತು.

ಸೀರೆ ಎಷ್ಟು ಚೆಂದವಿತ್ತು ಎಂದರೆ ಒಂದು ಕ್ಷಣ ನನ್ನ ತಲೆಯಲ್ಲಿ ಯಾವ ಚಿಂತೆಯೂ ಇರಲಿಲ್ಲ. ನನ್ನ ಬದುಕಿನಲ್ಲಿ ಅಂಥ ಕ್ಷಣಗಳು ಕಡಿಮೆ. ಆ ಕ್ಷಣದಲ್ಲಿಯೇ ಒಂದು ಹನಿ ಹುಬ್ಬಿನ ತುದಿಯಲ್ಲಿ ತೂಗಿ, ಕೆಂಪು ಅಂಚು ಬೆಣ್ಣೆಯ ಬಣ್ಣಕ್ಕೆ ಕೂಡುವ ಜಾಗದಲ್ಲಿ, ಟಪ್ಪೆಂದು ಬಿತ್ತು. ಸದ್ದು ಕೇಳಿಸಿತೆಂದರೆ ಯಾರೂ ನಂಬಲಿಕ್ಕಿಲ್ಲ. ಮಾವನವರು ತಮ್ಮ ವಲ್ಲಿ ಬಿಚ್ಚಿ ಒಣ ತುದಿಯನ್ನು ಅದರ ಮೇಲಿಟ್ಟು ಒತ್ತಿ ಹಿಡಿದರು. ಉಜ್ಜಲಿಲ್ಲ. ತೆಗೆದಾಗ ಅಂಚಿನ ಕೆಂಪು ತೊಗರಿಬೇಳೆಯಷ್ಟು ಜಾಗದಲ್ಲಿ ಒಡಲಿಗೆ ಇಳಿದಿತ್ತು.

"ಇರ್ಲಿ ಬಿಡ್ರಿ ಅಳ್ಯಾರ. ಶಕಿ ಭಾಳ ಐತಿ" ಎಂದರು.

ಬಯ್ದಿದ್ದರೆ ಬದುಕುತ್ತಿದ್ದೆ. ಅವರು ಉಳಿದ ನಾಲ್ಕು ಬೆರಳು ನೇಯ್ದರು. ನಾನು ಕೂಲರ್ ಆರಿಸಿ, ಕಿಟಕಿ ತೆಗೆದು, ಗೋಡೆಗೆ ಬೆನ್ನು ಹಚ್ಚಿ ಕ್ಲಾಸಿನ ಹೊರಗೆ ನಿಲ್ಲಿಸಿದ ಹುಡುಗನ ಹಾಗೆ ನಿಂತಿದ್ದೆ. ಸೀರೆ ಕೊಯ್ದು ಇಳಿಸಿ, ಮಡಿಸಿ, ಮಗಳ ಕೈಗೆ ಕೊಡುವಾಗ ಮಾವನವರು ದನಿ ತಗ್ಗಿಸಿ ಹೇಳಿದರು: "ಉಡಾಕೇನೂ ಅಡ್ಡಿಯಿಲ್ಲವಾ. ಆದ್ರ ಯಾರರ ಕೇಳಿದ್ರ ನಾ ನೇಯ್ದದ್ದು ಅಂತ ಹೇಳಬ್ಯಾಡ. ಐವತ್ತ ವರ್ಷದಾಗ ನನ್ನ ಮಗ್ಗದ ಮ್ಯಾಲೆ ಬೆವರಿನ ಕಲಿ ಬಿದ್ದಿಲ್ಲ." ಗಿರಿಜಾ "ಹೂಂ ಅಪ್ಪಾ" ಎಂದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಅರ್ಧ ದಾರಿ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ, "ಮಗ್ಗದ ಹತ್ರ ಯಾರು ಬಂದ್ರೂ ನಮ್ಮ ಮನ್ಯಾಗ ಮೊದ್ಲ ವಲ್ಲಿ ಕೊಡ್ತಾರ್ರಿ. ಹಣಿ ಒರಸ್ಕೊಂಡು, ಕಟ್ಕೊಂಡು ಬರ್ಲಿ ಅಂತ. ಅಪ್ಪ ನಿಮಗ ಮೂರು ಸಲ ಹೇಳಿದ್ರು" ಎಂದಳು.

"ಬಾಯಿಬಿಟ್ಟು ಒರಸ್ಕೋರಿ ಅನ್ನಬಾರದಿತ್ತ?"

"ಅಳಿಯಗ? 'ನಿಮಗ ಬೆವರು ಬಂದೈತಿ, ದೂರ ಸರೀರಿ' ಅಂತ? ಹ್ಯಾಂಗ ಅಂತಾರ್ರಿ?"

ಹೆಗಲು ಮುಟ್ಟಿ ನೋಡಿಕೊಂಡೆ. ವಲ್ಲಿ ಅಲ್ಲಿಯೇ ಇತ್ತು. ಒಣಗಿತ್ತು, ಮಡಿಕೆ ಕೂಡ ಬಿಚ್ಚಿರಲಿಲ್ಲ.

ಈಗ ಕುಣಿಯ ಮೇಲೆ ಹಲಗೆ ಮುಚ್ಚಿದೆ. ಹಲಗೆಯ ಮೇಲೆ ನನ್ನ ಕೂಲರ್ ಕೂತಿದೆ, ಅದರ ಮೇಲೆ ಧೂಳು ಬೀಳದಂತೆ ಅತ್ತೆಯವರು ಹೊಲಿದ ಗವಸು. ಯಾರೂ ಹಚ್ಚುವುದಿಲ್ಲ, ಅಳಿಯ ಕೊಟ್ಟದ್ದೆಂದು ಯಾರೂ ತೆಗೆಯುವುದೂ ಇಲ್ಲ. ಹೋದಾಗಲೆಲ್ಲ ಕ್ಷಮೆ ಕೇಳಬೇಕೆಂದು ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಮಾವನವರು "ಕೂಲರ್ ಭಾಳ ಚಲೋ ಐತ್ರಿ ಅಳ್ಯಾರ" ಎಂದುಬಿಡುತ್ತಾರೆ. ಚಹಾ ಕುಡಿದು ಬರುತ್ತೇನೆ.

ಡಿಸೆಂಬರಿನಲ್ಲಿ ನಮ್ಮ ಹೆಡ್‌ಮಾಸ್ತರರ ಮಗಳ ಮದುವೆಗೆ ಗಿರಿಜಾ ಆ ಸೀರೆ ಉಟ್ಟಳು. ಕಲೆಯನ್ನು ಸೆರಗಿನ ಮಡಿಕೆಯಲ್ಲಿ ಎಷ್ಟು ಜಾಣತನದಿಂದ ಒಳಹಾಕಿದ್ದಳೆಂದರೆ ಎಲ್ಲಿದೆಯೆಂದು ತಿಳಿದ ನನಗೂ ಕಾಣಲಿಲ್ಲ. ಊಟದ ಪಂಕ್ತಿಯಲ್ಲಿ ಹೆಡ್‌ಮಾಸ್ತರರ ಹೆಂಡತಿ ಅಂಚು ಹಿಡಿದು ನೋಡಿ, "ಎಂಥಾ ಚಂದ ಐತ್ರಿ! ನಿಮ್ಮಪ್ಪಾರು ನೇಯ್ದದ್ದೇನ್ರಿ?" ಎಂದು ಕೇಳಿದರು. ಇಪ್ಪತ್ತನಾಲ್ಕು ವರ್ಷದಿಂದ ಗಿರಿಜಾ ಕಾಯುತ್ತಿದ್ದ ಪ್ರಶ್ನೆ. ಅವಳು ಸೆರಗು ಸರಿಮಾಡಿಕೊಂಡು, "ಇಲ್ರಿ, ಅಂಗಡ್ಯಾಗ ತಗೊಂಡದ್ದು" ಎಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಈಗ ಎಲ್ಲಿ ಹೋದರೂ ಆ ವಲ್ಲಿ ನನ್ನ ಹೆಗಲ ಮೇಲಿರುತ್ತದೆ. ತೆಗೆದು ಹಣೆ ಒರೆಸಿಕೊಂಡೆ. ಹೊರಗೆ ಚಳಿಗಾಳಿ ಬೀಸುತ್ತಿತ್ತು, ಹಣೆಯ ಮೇಲೆ ಏನೂ ಇರಲಿಲ್ಲ.

ಮನೆಗೆ ಬಂದು ಹಳೆಯ ಡೈರಿಯ ಕೊನೆಯ ಪುಟ ತೆಗೆದೆ. ಬೆಂಕಿ ಹತ್ತಲಿಲ್ಲ, ಶಾಕ್ ಹೊಡೆಯಲಿಲ್ಲ, ಎಳೆ ಒಂದೂ ಹರಿಯಲಿಲ್ಲ, ಷಡ್ಡಕನೂ ಮುನಿಯಲಿಲ್ಲ. ಹನ್ನೊಂದಕ್ಕೂ ಒಂದೊಂದಾಗಿ ಗೆರೆ ಎಳೆದೆ. ಕೆಳಗೆ ಹನ್ನೆರಡು ಎಂದು ಅಂಕಿ ಹಾಕಿ ಬರೆದೆ: ಬೆವರು, ಒಂದು ಹನಿ, ನನ್ನದು.